ಮನೆ ಕತೆ ಬರೆದ್ರೆ ಅಪ್ಪನ ಮರ್ಯಾದೆ ಹೋಯ್ತದಾ?

ಕಬ್ಬಿನಗದ್ದೆ, ಮಂಡ್ಯ:
ಎಲ್ಲಾರ್ಗೂ ನಮಸ್ಕಾರ. ಎರಡು ವರ್ಷದಿಂದ ಸಣ್ಣಕತೆ ಬರೀತಿದೀನಿ, ಒಂದೂ ಎಲ್ಲಿಗೂ ಕಳ್ಸಿಲ್ಲ. ಈಗ ಬರ್ದಿರೋದು ನಮ್ಮನೇದೇ. ಒಂದ್ಸಲ ಕಬ್ಬಿನ ದುಡ್ಡು ತಿಂಗಳುಗಟ್ಲೆ ಬರ್ಲೇ ಇಲ್ಲ, ಅಪ್ಪ ಅವ್ವನ ಓಲೆ ಅಡ ಮಡಗ್ಬುಡ್ತು, ಆಮೇಲೆ ಬಿಡಿಸ್ಕೊಳ್ಳೋಕೂ ಆಗ್ಲಿಲ್ಲ. ಅವ್ವ ಒಂದ್ಮಾತು ಅನ್ಲಿಲ್ಲ, ತೂತು ಮುಚ್ಕೋಬಾರ್ದು ಅಂತ ಕಿವಿಗೆ ಬೇವಿನಕಡ್ಡಿ ಸಿಕ್ಕಿಸ್ಕೊಂಡು ಓಡಾಡ್ತಿತ್ತು. ಬರೀದೆ ಇರೋಕಾಯ್ತಿಲ್ಲ, ಆದ್ರೆ ಊರೋರು ಓದಿದ್ರೆ ಅಪ್ಪನ್ನ ಬೀದಿಗೆ ತಂದಂಗೆ. ಹೆಸ್ರು ಬದಲಾಯಿಸಿದ್ರೆ ಸಾಕಾ? ದೊಡ್ಡೋರೆಲ್ಲ ಹೆಂಗ್ ಮಾಡ್ತಿದ್ರು?

ಯಾದವಗಿರಿ ವಾಸಿ:
ಮೈಸೂರಿನ ನಮ್ಮ ಯಾದವಗಿರೀಲಿ ಆರ್.ಕೆ. ನಾರಾಯಣ್ ಮನೆ ಈಗ ಮ್ಯೂಸಿಯಂ, ಒಂದ್ಸಲ ಬಂದ್ಹೋಗಿ. 1939ರಲ್ಲಿ ಅವರ ಹೆಂಡತಿ ರಾಜಂ ಟೈಫಾಯ್ಡಲ್ಲಿ ತೀರ್ಕೊಂಡ್ರು, ಮಗಳಿನ್ನೂ ಚಿಕ್ಕೋಳು. 1945ರಲ್ಲಿ ಅವರ ಕಾದಂಬರಿ 'ದಿ ಇಂಗ್ಲಿಷ್ ಟೀಚರ್' ಬಂತು. ಅದ್ರಲ್ಲಿ ಊರು ಮಾಲ್ಗುಡಿ, ನಾಯಕ ಕಾಲೇಜು ಮೇಷ್ಟ್ರು ಕೃಷ್ಣ, ಹೆಂಡತಿ ಸುಶೀಲಾ. ಊರು, ಹೆಸ್ರು, ಕೆಲ್ಸ ಎಲ್ಲ ಬದಲಾಯಿಸಿದ್ರೂ ಆ ಜ್ವರ ಮಾತ್ರ ಬದಲಾಯಿಸ್ಲಿಲ್ಲ ನೋಡಿ, ಸುಶೀಲಾ ಸಾಯೋದೂ ಟೈಫಾಯ್ಡಲ್ಲೇ. ನಿಮ್ಮ ಕತೇಲಿ ಬೇವಿನಕಡ್ಡಿ ಹಂಗೆ, ಅದನ್ನ ಮುಟ್ಟಬೇಡಿ. ಕಬ್ಬು ಹೋಗಿ ಭತ್ತ ಆದ್ರೂ ಪರವಾಗಿಲ್ಲ.

ಓದುಗಿ, ಸರಸ್ವತಿಪುರಂ:
ಹೆಸ್ರು ಬದಲಾಯಿಸೋದ್ರಿಂದ ಊರೋರ ಕಣ್ಣು ತಪ್ಪಿಸೋಕಾಗಲ್ಲ ಸರ್, ಬೇವಿನಕಡ್ಡಿ ನೋಡಿದ್ರೇ ಗೊತ್ತಾಗ್ಬಿಡುತ್ತೆ. ನಂಗೆ ಬೇರೆ ಒಂದು ಕಾಣ್ತಿದೆ. ಭೈರಪ್ಪನವ್ರ 'ಗೃಹಭಂಗ' ಬಂದಿದ್ದು 1970ರಲ್ಲಿ, ಆತ್ಮಕತೆ 'ಭಿತ್ತಿ' 1996ರಲ್ಲಿ, ಎರಡೂ ಓದಿದ್ರೆ ಆ ಪ್ಲೇಗು, ಆ ಬಡತನ, ಸಂಸಾರ ಎಳೆಯೋ ಆ ತಾಯಿ ಎಲ್ಲಿಂದ ಬಂದ್ರು ಅಂತ ತಿಳಿಯುತ್ತೆ. ಆ ಕಾದಂಬರೀಲಿ ಆ ತಾಯಿ ನಂಜಮ್ಮನ ಜೊತೆ ಅವಳ ಮಗ ಪುಟ್ಟ ವಿಶ್ವನೂ ಇದಾನೆ, ಅಂದ್ರೆ ಬರೆದೋರೂ ಕತೆಯೊಳಗೆ ಇದಾರೆ. ನಿಮ್ಮ ಕತೇಲಿ ಅಪ್ಪ ಇದಾರೆ, ಅವ್ವ ಇದಾರೆ. ನೀವೆಲ್ಲಿ? ಓಲೆ ಬಿಚ್ಚೋವಾಗ ಮನೇಲಿದ್ರಾ?

ಪಶ್ಚಿಮವಾಹಿನಿ:
ಅತ್ತೆ ಬಗ್ಗೆ ಬರೆದಾಗ ನಾನು ಮೊದ್ಲು ಅವ್ರಿಗೇ ಓದಿ ಹೇಳ್ದೆ. ಒಂದ್ಕಡೆ ಇದು ಬೇಡಮ್ಮ ಅಂದ್ರು, ತೆಗೆದುಹಾಕ್ದೆ. ಮಿಕ್ಕಿದ್ದು ಹಂಗೇ ಪ್ರಿಂಟಾಯ್ತು.

ಕಬ್ಬಿನಗದ್ದೆ, ಮಂಡ್ಯ:
ಸರಸ್ವತಿಪುರಂ ಮೇಡಂ, ನೀವು ಕೇಳಿದ್ದಕ್ಕೆ ಎರಡು ದಿನ ಉತ್ರ ಬರೆಯೋಕಾಗ್ಲಿಲ್ಲ. ಮನೇಲೇ ಇದ್ದೆ. ತಿರುಪು ಬಿಗಿಯಾಗಿ ಕೂತ್ಬುಟ್ಟಿತ್ತು, ಅವ್ವ ಒಸಿ ಕೊಬ್ರಿಎಣ್ಣೆ ಬುಡ್ಲಾ ಮಗ ಅಂತು, ನಾನೇ ಎಣ್ಣೆ ಬುಟ್ಟು ಬಿಚ್ಕೊಟ್ಟೆ. ಅದನ್ನ ಅಡ ಮಡಗಿದ್ ದುಡ್ಡಲ್ಲೇ ನನ್ ಪಿಯುಸಿ ಫೀಸು ಕಟ್ಟಿದ್ದು, ಕತೇಲಿ ಇದ್ನ ಬರ್ದೇ ಇರ್ಲಿಲ್ಲ, ಎಲ್ಲಾ ಅಪ್ಪನ ಮೇಲೇ ಹಾಕ್ಬುಟ್ಟಿದ್ದೆ. ಈಗ ಮೊದ್ಲಿಂದ ಬರೀತಿದೀನಿ, ಆ ತಿರುಪಿಂದ್ಲೇ ಶುರು. ಮುಗಿದ್ಮೇಲೆ ಅವ್ವಂಗೆ ಓದ್ತೀನಿ, ಅಪ್ಪನೂ ಜಗುಲಿ ಮೇಲೆ ಕೂತಿರ್ತದೆ, ಕೇಳಿಸ್ಕೊಳ್ಳಲಿ.