ಕೊಲೆ ತನಿಖೆಯ ಪುಸ್ತಕ ಓದುವಾಗ ಇಷ್ಟು ನಗು ಬರಬಹುದಾ?

ಪೆರ್ಲದ_ಓದುಗ:

ಎಲ್ಲರಿಗೂ ನಮಸ್ಕಾರ. ರಜೆಗೆ ಬಂದಿದ್ದ ಭಾವ ಗಲ್ಫಿಗೆ ವಾಪಸ್ ಹೋಗುವಾಗ ಒಂದು ಇಂಗ್ಲಿಷ್ ಕಾದಂಬರಿ ಬಿಟ್ಟು ಹೋದರು. ಸ್ಟುವರ್ಟ್ ಮ್ಯಾಕ್‌ಬ್ರೈಡ್ ಬರೆದ ‘ಕೋಲ್ಡ್ ಗ್ರಾನೈಟ್’, 2005ರದ್ದು. ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಪೊಲೀಸರ ಕಥೆ. ಲೋಗನ್ ಮೆಕ್ರೇ ಎಂಬ ಡಿಟೆಕ್ಟಿವ್ ಸಾರ್ಜೆಂಟ್ ಹೊಟ್ಟೆಗೆ ಚೂರಿ ತಿಂದು ಒಂದು ವರ್ಷ ರಜೆಯಲ್ಲಿದ್ದವನು. ಕೆಲಸಕ್ಕೆ ವಾಪಸ್ ಬಂದ ಕೂಡಲೇ ಅವನಿಗೆ ಸಿಗುವುದು ನೀರು ತುಂಬಿದ ಕಣಿಯಲ್ಲಿ ಬಿದ್ದ ನಾಲ್ಕು ವರ್ಷದ ಹುಡುಗನ ಶವ. ಇದಕ್ಕಿಂತ ಕರಾಳ ವಿಷಯ ಉಂಟಾ ಹೇಳಿ?

ಆದರೆ ನಾನು ಜೋರಾಗಿ ನಗುತ್ತಿದ್ದೆ ಮಾರಾಯ್ರೆ. ಎಂತ ಅಷ್ಟು ತಮಾಷೆ ಅಂತ ಹೆಂಡತಿ ಕೇಳಿದರೆ ಹೇಳಲಿಕ್ಕೆ ಬಾಯಿ ಬರಲಿಲ್ಲ. ಮಗು ಸತ್ತ ಕಥೆ ಅಂತ ಹೇಗೆ ಹೇಳುವುದು?

ಪತ್ತೇದಾರಿ ಅಂದರೆ ನನಗೆ ಗೊತ್ತಿದ್ದದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಆಮೇಲೆ ಮಲಯಾಳದಲ್ಲಿ ಕೋಟ್ಟಯಂ ಪುಷ್ಪನಾಥ್. ಅಲ್ಲೆಲ್ಲ ಪತ್ತೇದಾರ ಬುದ್ಧಿವಂತ, ಬರುತ್ತಾನೆ, ಗೆಲ್ಲುತ್ತಾನೆ. ಇವನು ಅಬರ್ಡೀನಿನ ಮಳೆಯಲ್ಲಿ ಒದ್ದೆಯಾಗುತ್ತಾನೆ, ಬೈಸಿಕೊಳ್ಳುತ್ತಾನೆ, ಮತ್ತೆ ಒದ್ದೆಯಾಗುತ್ತಾನೆ. ಈ ಪುಸ್ತಕ ಇಷ್ಟ ಆಗುವುದು ಯಾಕೆ ಅಂತ ಓದಿದವರು ಯಾರಾದರೂ ಹೇಳಿ. ಮುಂದಿನದ್ದು ಯಾವುದು ಓದಬೇಕು ಅಂತಲೂ ತಿಳಿಸಿ.

ಕುಂಬಳೆ_ಪುಸ್ತಕಹುಳ:

ನಕ್ಕದ್ದು ಯಾರನ್ನು ನೋಡಿ ಅಂತ ಮೊದಲು ಹೇಳಿ. ಆ ಹುಡುಗನನ್ನು ನೋಡಿ ಅಲ್ಲ ತಾನೆ? ಲೇಖಕ ನಗಿಸುವುದು ಪೊಲೀಸರನ್ನು ತೋರಿಸಿ, ಅವರ ಮೇಲಧಿಕಾರಿಗಳನ್ನು ತೋರಿಸಿ, ಪೇಪರಿನವರನ್ನು ತೋರಿಸಿ. ಇನ್‌ಸ್ಪೆಕ್ಟರ್ ಇನ್ಶ್ ನೆನಪಿದೆಯಲ್ವಾ, ದೊಡ್ಡ ದೇಹ, ಬೋಳು ತಲೆ, ಕಿಸೆಯಲ್ಲಿ ಯಾವಾಗಲೂ ಮಿಠಾಯಿ ಪೊಟ್ಟಣ, ಶವದ ಪಕ್ಕದಲ್ಲಿ ನಿಂತರೂ ಒಂದು ಬಾಯಿಗೆ ಹೋಗಬೇಕು. ಪೋಸ್ಟ್‌ಮಾರ್ಟಂ ಟೇಬಲ್ಲಿನ ಆಚೆ ಬದಿಯಲ್ಲಿ ಕತ್ತಿ ಹಿಡಿದು ನಿಂತವಳು ಲೋಗನ್‌ನ ಹಳೇ ಗೆಳತಿ. ಚೂರಿ ತಿಂದೂ ಬದುಕಿದ ಅಂತ ಅವನಿಗೆ ಲಾಜರಸ್ ಎಂಬ ಅಡ್ಡಹೆಸರು ಬೇರೆ, ಬೈಬಲಿನಲ್ಲಿ ಸತ್ತು ಎದ್ದುಬಂದವನ ಹೆಸರು ಅದು. ಇದರಲ್ಲಿ ಒಂದೂ ಜೋಕ್ ಅಂತ ಹೇಳಿ ಹೇಳುವ ಜೋಕ್ ಅಲ್ಲ.

ನನಗೆ ಇಡೀ ಪುಸ್ತಕ ಅರ್ಥವಾದದ್ದು ‘ರೋಡ್‌ಕಿಲ್’ ಎಂಬ ಅಡ್ಡಹೆಸರಿನ ಮನುಷ್ಯನ ಭಾಗ ಓದಿದಾಗ. ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಪ್ರಾಣಿಗಳನ್ನು ಎತ್ತುವುದು ಅವನ ಕೆಲಸ, ನಗರದ ಕೌನ್ಸಿಲಿನ ನೌಕರ. ಎತ್ತಿದ್ದನ್ನೆಲ್ಲ ಮನೆ ಹತ್ತಿರದ ಹಳೇ ಕೊಟ್ಟಿಗೆಯಲ್ಲಿ ರಾಶಿ ಹಾಕಿ ಇಟ್ಟಿದ್ದಾನೆ. ಪೊಲೀಸರು ಬಿಳಿ ಸೂಟು ಹಾಕಿ, ಮುಖಕ್ಕೆ ಮಾಸ್ಕ್ ಕಟ್ಟಿ, ಕೊಳೆತದ್ದನ್ನು ಒಂದೊಂದಾಗಿ ಹೊರಗೆ ತರಬೇಕು. ನಾಯಿ, ಬೆಕ್ಕು, ಏನೆಲ್ಲ. ಆ ವಾಸನೆ ಪುಟದಿಂದ ಎದ್ದು ಬರುತ್ತದೆ. ಅಲ್ಲಿಯವರೆಗೂ ನಾವು ನಗುತ್ತಿರುತ್ತೇವೆ, ಯಾಕೆಂದರೆ ಅವರು ಒಬ್ಬರನ್ನೊಬ್ಬರು ಬೈದುಕೊಳ್ಳುವ ರೀತಿಯೇ ಹಾಗೆ. ಆಮೇಲೆ ನಿಧಾನಕ್ಕೆ ಗೊತ್ತಾಗುತ್ತದೆ, ಅವನು ಹಿಂದೆ ಚೆನ್ನಾಗಿ ಓದಿದವನು, ಈಗ ಮನಸ್ಸಿನ ಕಾಯಿಲೆ ಉಂಟು. ಅಷ್ಟರಲ್ಲಿ ಪೇಪರಿನಲ್ಲಿ ಬಂದಾಗಿದೆ, ಊರು ತೀರ್ಪು ಕೊಟ್ಟಾಗಿದೆ. ನಾವು ನಕ್ಕದ್ದೂ ಊರಿನವರ ಜೊತೆಯೇ ಅಂತ ಹೊಳೆಯುವುದು ಆಗ. ಮುಂದೆ ಏನಾಗುತ್ತದೆ ಅಂತ ಹೇಳುವುದಿಲ್ಲ, ಓದದವರೂ ಇಲ್ಲಿದ್ದಾರೆ.

ರೈಟರ್_ಮಗ:

ನಮ್ಮ ತಂದೆ ಗಡಿ ಭಾಗದ ಒಂದು ಪೊಲೀಸ್ ಸ್ಟೇಷನ್‌ನಲ್ಲಿ ರೈಟರ್, ಅಂದರೆ ದಾಖಲೆ ಬರೆಯುವವರು, ಆಗಿದ್ದವರು. ಈ ಪುಸ್ತಕ ಓದುವಾಗ ಅವರೇ ಎದುರಿಗೆ ಕೂತು ಹೇಳಿದ ಹಾಗಾಯಿತು ನನಗೆ. ಅವರು ಹೇಳುತ್ತಿದ್ದ ಒಂದು ಸಂಗತಿ: ಹೊಳೆಬದಿಯಲ್ಲಿ ಶವ ಸಿಕ್ಕಿದೆ, ಕತ್ತಲಾಗಿದೆ, ಇಂಕ್ವೆಸ್ಟ್, ಅಂದರೆ ಶವದ ಮಹಜರು, ಬೆಳಿಗ್ಗೆಯೇ. ಅಲ್ಲಿಯವರೆಗೆ ಇಬ್ಬರು ಕಾನ್‌ಸ್ಟೆಬಲ್‌ಗಳು ಕಾವಲು ನಿಲ್ಲಬೇಕು. ಮಿಥುನ ಮಾಸದ ಮಳೆ, ಇಬ್ಬರಿಗೂ ಸೇರಿ ಒಂದು ಕೊಡೆ. ಇಡೀ ರಾತ್ರಿ ಅವರು ಜಗಳ ಮಾಡಿದ್ದು ಟಿ.ಎ. (ಪ್ರಯಾಣ ಭತ್ಯೆ) ಬಿಲ್ಲಿನ ವಿಷಯದಲ್ಲಿ! ಶವದ ಬಗ್ಗೆ ಒಂದು ಮಾತಿಲ್ಲ. ಬೆಳಿಗ್ಗೆ ಸತ್ತವನ ತಾಯಿ ಬಂದಾಗ ಅದೇ ಇಬ್ಬರು ಆ ಒಂದು ಕೊಡೆಯನ್ನು ಅವರಿಗೆ ಹಿಡಿದು ನಿಂತಿದ್ದರಂತೆ. ಕಲ್ಲು ಮನಸ್ಸಿನವರು ಅಂತ ಹೇಳಲಿಕ್ಕೆ ಆಗ್ತದಾ?

ಇನ್ನೊಂದು ವಿಷಯ. ಸ್ಕಾಟ್ಲೆಂಡಿನ ಪೊಲೀಸ್ ಕಾದಂಬರಿಗಳಲ್ಲಿ ಎಲ್ಲಿಗೆ ಹೋದರೂ ಇಬ್ಬಿಬ್ಬರೇ ಹೋಗುತ್ತಾರೆ, ಗಮನಿಸಿದ್ದೀರಾ? ಅದು ಸುಮ್ನೆ ಅಲ್ಲ. ಅಲ್ಲಿನ ಕಾನೂನು ಇಂಗ್ಲೆಂಡಿನದ್ದಲ್ಲ, ಬೇರೆಯೇ. ಒಂದೇ ಕಡೆಯ ಪುರಾವೆಯ ಮೇಲೆ ಶಿಕ್ಷೆ ಆಗುವುದಿಲ್ಲ, ಮುಖ್ಯ ಅಂಶಗಳಿಗೆ ಎರಡು ಕಡೆಯಿಂದ ಆಧಾರ ಬೇಕು. ಹಾಗಾಗಿ ಹೇಳಿಕೆ ತೆಗೆದುಕೊಳ್ಳಲು ಇಬ್ಬರು ಪೊಲೀಸರು, ಅನುಮಾನದ ಸಾವಿನ ಪೋಸ್ಟ್‌ಮಾರ್ಟಂಗೂ ಇಬ್ಬರು ಡಾಕ್ಟರ್‌ಗಳು. ಕಾದಂಬರಿಕಾರನಿಗೆ ಇದಕ್ಕಿಂತ ದೊಡ್ಡ ಅನುಕೂಲ ಉಂಟಾ? ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರನ್ನು ಚಳಿಗಾಲದಲ್ಲಿ ಒಂದು ಕಾರಿನೊಳಗೆ ಕೂರಿಸಿದರೆ ಮುಗಿಯಿತು, ಮಾತು ತಾನಾಗಿ ಬರುತ್ತದೆ. ಇವರ ತಲೆ ಮೇಲೆ ಪ್ರೊಕ್ಯುರೇಟರ್ ಫಿಸ್ಕಲ್ ಅಂತ ಸರ್ಕಾರಿ ವಕೀಲರು ಇರುತ್ತಾರೆ, ತನಿಖೆಗೆ ದಾರಿ ತೋರಿಸುವುದು ಅವರೇ. ಅಂದರೆ ಬೈಯಲಿಕ್ಕೆ ಒಬ್ಬರು ಜಾಸ್ತಿ.

ಬದಿಯಡ್ಕ_ಟೀಚರ್:

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಾನು ಅರ್ಧಕ್ಕೇ ಪುಸ್ತಕ ಮುಚ್ಚಿದವಳು. ದಿನವೂ ಆ ವಯಸ್ಸಿನ ಮಕ್ಕಳ ನಡುವೆ ಇರುವವಳು ನಾನು. ಕಣಿಯಲ್ಲಿ ಸಿಕ್ಕಿದ ಹುಡುಗ ಸಾಕಿತ್ತು, ಮೇಲಿಂದ ಮೇಲೆ ಮಕ್ಕಳು ಕಾಣೆಯಾಗುವಾಗ ನನಗೆ ಮಿಠಾಯಿ ಪೊಟ್ಟಣ ನೋಡಿ ನಗು ಬರಲಿಲ್ಲ. ನಗು ಇದ್ದರೆ ಎಷ್ಟು ಘೋರವಾದದ್ದನ್ನೂ ಓದುಗರು ನುಂಗುತ್ತಾರೆ ಅಂತ ಲೇಖಕನಿಗೆ ಗೊತ್ತಾಗಿಬಿಟ್ಟರೆ, ಪುಸ್ತಕದಿಂದ ಪುಸ್ತಕಕ್ಕೆ ಡೋಸ್ ಏರುತ್ತದೆ. 2008ರ ‘ಫ್ಲೆಷ್ ಹೌಸ್’ ತೆಗೆದು ನೋಡಿ, ಮಾಂಸದ ಅಂಗಡಿಯ ಕಡೆಗೇ ಹೋಗಿದ್ದಾರೆ. ಅದನ್ನು ಊಟದ ಮೊದಲು ಓದಬೇಡಿ, ಊಟದ ನಂತರವೂ ಬೇಡ.

ಸ್ಕಾಟ್ಲೆಂಡಿನ ಪೊಲೀಸರ ಕಥೆಯೇ ಬೇಕಿದ್ದರೆ ಇಯಾನ್ ರಾಂಕಿನ್ ಅವರ ರೀಬಸ್ ಇದ್ದಾನೆ, 1987ರಿಂದ ಎಡಿನ್‌ಬರೋದಲ್ಲಿ ಕುಡಿಯುತ್ತಾ ಕೊರಗುತ್ತಾ ತಿರುಗುತ್ತಿದ್ದಾನೆ. ಅವನಿಗಿಂತ ಹಿಂದಿನವನು ವಿಲಿಯಂ ಮೆಕಿಲ್ವನಿ ಬರೆದ ಗ್ಲಾಸ್ಗೋದ ಲೇಯ್ಡ್‌ಲಾ, 1977. ಅಲ್ಲೂ ಚುರುಕು ಮಾತು ಉಂಟು, ಆದರೆ ದುಃಖಕ್ಕೆ ಜಾಗ ಬಿಡುತ್ತಾರೆ.

ಯಕ್ಷಗಾನ_ಪ್ರಿಯ:

ಟೀಚರ್, ಇದು ನಮ್ಮ ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ಬಂದ ಹಾಗೆ ಅಲ್ವಾ? ರಕ್ಕಸ ಅಬ್ಬರಿಸುತ್ತಿರುವಾಗ ದೂತ ಬಂದು ಎರಡು ಮಾತು ಎಸೆದು ಹೋಗುತ್ತಾನೆ, ಜನ ಸ್ವಲ್ಪ ಉಸಿರು ಬಿಡುತ್ತಾರೆ.

ಕುಂಬಳೆ_ಪುಸ್ತಕಹುಳ:

ಅಲ್ಲ ಅನಿಸುತ್ತದೆ ನನಗೆ. ಹಾಸ್ಯಗಾರ ಬರುತ್ತಾನೆ, ಅವನ ಪ್ರವೇಶ ಬೇರೆ, ನಿರ್ಗಮನ ಬೇರೆ, ಅವನು ಹೋದ ಮೇಲೆ ರಕ್ಕಸ ರಕ್ಕಸನೇ. ಇಲ್ಲಿ ಹಾಗೆ ಬೇರೆ ಪಾತ್ರ ಇಲ್ಲ. ಶವ ಎತ್ತುವವನೇ ಜೋಕ್ ಹೇಳುತ್ತಾನೆ, ಅದೇ ಕೈಯಲ್ಲಿ. ಉಸಿರು ಬಿಡಲಿಕ್ಕೆ ಬಿಡುವೇ ಇಲ್ಲ. ಹಾಗಾಗಿ ಟೀಚರ್ ಹೇಳಿದ್ದರಲ್ಲಿ ಹುರುಳಿದೆ, ಈ ಪುಸ್ತಕದಿಂದ ಸಮಾಧಾನ ಸಿಗುವುದಿಲ್ಲ. ಅದು ಬೇಕಾದವರಿಗೆ ಇದು ಆಗಿಬರುವುದಿಲ್ಲ. ಆದರೆ ಡೋಸ್ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ಮೊದಲ ಪುಸ್ತಕದಲ್ಲಿ ನಗು ಬರುವುದು ಕೆಲಸದ ಹೊರೆಯಿಂದ. ಒಂದು ಕೇಸ್ ಮುಗಿಯುವ ಮೊದಲು ಇನ್ನೆರಡು ಮೇಜಿನ ಮೇಲೆ ಬೀಳುತ್ತವೆ, ಮೇಲಿನವರಿಗೆ ಪೇಪರಿನಲ್ಲಿ ಏನು ಬಂತು ಎಂಬುದೇ ಚಿಂತೆ, ಒಳಗಿನ ಸುದ್ದಿಯನ್ನು ಪೇಪರಿನವನಿಗೆ ಯಾರೋ ಹೇಳುತ್ತಿದ್ದಾರೆ, ಎಲ್ಲರಿಗೂ ಲೋಗನ್ ಮೇಲೆ ಅನುಮಾನ. ಸರ್ಕಾರಿ ಆಫೀಸಿನಲ್ಲಿ ಕೆಲಸ ಮಾಡಿದ ಯಾರಿಗೂ ಇದು ಹೊಸತಲ್ಲ.

ನಿಜಕ್ಕೂ ಪೊಲೀಸನೇ ಕೊಳೆತುಹೋದ ಕಥೆ ಬೇಕಿದ್ದರೆ ಇರ್ವಿನ್ ವೆಲ್ಷ್ ಅವರ ‘ಫಿಲ್ತ್’ ಉಂಟು, 1998ರದ್ದು. ಅದರಲ್ಲಿ ನಾಯಕನ ಹೊಟ್ಟೆಯ ಲಾಡಿಹುಳವೂ ಮಾತಾಡುತ್ತದೆ. ಅದನ್ನು ಓದಿ ಬಂದರೆ ಲೋಗನ್ ನಿಮಗೆ ಮನೆಮಗನ ಹಾಗೆ ಕಾಣುತ್ತಾನೆ.

ಉಪ್ಪಳದವ:

ನಾನು ಪುಸ್ತಕ ಓದಿಲ್ಲ, ಆದರೆ ಅಬರ್ಡೀನಿನಲ್ಲಿ ಓದಿದವನು. ಅಲ್ಲಿ ಮಳೆ ಮಳೆ ಅಂತ ಬರೆದಿದ್ದಾರೆ ಅಂತ ಹೇಳಿದಿರಲ್ಲ, ವರ್ಷಕ್ಕೆ ಬೀಳುವುದು ಸುಮಾರು 800 ಮಿ.ಮೀ. ನಮ್ಮ ಕಾಸರಗೋಡಿನಲ್ಲಿ 3,000 ದಾಟುತ್ತದೆ. ಹಾಗಂತ ನಗಬೇಡಿ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಕಾಣುವುದು ಬೆಳಿಗ್ಗೆ ಎಂಟು ಮುಕ್ಕಾಲರ ಹೊತ್ತಿಗೆ, ಮಧ್ಯಾಹ್ನ ಮೂರೂವರೆಗೆ ಹೋಗಿ ಆಯಿತು. ಊರಿಡೀ ಬೂದು ಗ್ರಾನೈಟ್ ಕಲ್ಲಿನ ಮನೆಗಳು, ಬಿಸಿಲು ಬಿದ್ದರೆ ಮಿನುಗುತ್ತವೆ, ಮಳೆಗೆ ಆಕಾಶ ಯಾವುದು ಗೋಡೆ ಯಾವುದು ಗೊತ್ತಾಗುವುದಿಲ್ಲ. ಉತ್ತರ ಸಮುದ್ರದ ಕಚ್ಚಾ ಎಣ್ಣೆಯಿಂದ ದುಡ್ಡು ಬಂದ ಊರು ಅದು, ಆದರೂ ಜನರ ಮಾತು ಒಣ. ನಿಮ್ಮ ಗಾಡಿ ಪಲ್ಟಿಯಾದರೆ ಮೊದಲು ಒಂದು ಕೊಂಕು ಮಾತು ಹೇಳಿ, ಆಮೇಲೆ ಇಡೀ ದಿನ ನಿಂತು ಎತ್ತಿಕೊಡುತ್ತಾರೆ.

ಪೆರ್ಲದ_ಓದುಗ:

ಎಲ್ಲರಿಗೂ ಥ್ಯಾಂಕ್ಸ್. ಟೀಚರ್ ಹೇಳಿದ್ದು ಮನಸ್ಸಿಗೆ ತಾಗಿತು, ಆದರೂ ಮುಂದಿನದ್ದು ಓದುವವನೇ ನಾನು. ನಾನು ಹೊರಗೆ ನಿಂತು ಕೊಲೆ ನೋಡುತ್ತಿಲ್ಲ, ಒಳಗೆ ಅವರ ಜೊತೆ ಚಳಿಯಲ್ಲಿ ನಿಂತಿದ್ದೇನೆ ಅನಿಸಿದ್ದಕ್ಕೆ ಇಷ್ಟ ಆಯಿತು ಅಂತ ಈಗ ಗೊತ್ತಾಗುತ್ತಿದೆ. ಮಾತು ಕೆಲವು ಕಡೆ ಕಷ್ಟ, ಅಲ್ಲಿನ ಆಡುಮಾತು ಡೋರಿಕ್ ನಡುನಡುವೆ ಬರುತ್ತದೆ. ಒಂದೇ ಅಂಗಡಿಯಲ್ಲಿ ತುಳು, ಮಲಯಾಳ, ಕನ್ನಡ ಮೂರರಲ್ಲೂ ಚೌಕಾಸಿ ಮಾಡುವ ನಮಗೆ ಅದೇನೂ ದೊಡ್ಡದಲ್ಲ ಬಿಡಿ. ಹಾಗಾದರೆ ಯಾವುದರಿಂದ ಶುರು ಮಾಡಲಿ?

ರೈಟರ್_ಮಗ:

ಸಾಲಾಗಿಯೇ ಓದಿ. ಎರಡನೆಯದ್ದು ‘ಡೈಯಿಂಗ್ ಲೈಟ್’, 2006. ಅದರಲ್ಲಿ ಲೋಗನ್‌ನನ್ನು ಕೆಲಸ ಕೆಡಿಸಿದವರ ತಂಡಕ್ಕೆ ಹಾಕುತ್ತಾರೆ. ಆ ತಂಡದ ಯಜಮಾನ್ತಿ ಇನ್‌ಸ್ಪೆಕ್ಟರ್ ಸ್ಟೀಲ್. ಸಿಗರೇಟು ಬಾಯಿಂದ ಇಳಿಯುವುದಿಲ್ಲ, ತಲೆಕೂದಲು ಬಾಚಿದ್ದೇ ಇಲ್ಲ, ಕೆಲಸ ಪೂರಾ ಲೋಗನ್‌ನ ತಲೆಗೆ, ಹೆಸರು ತನಗೆ. ಆಕೆಗೋಸ್ಕರವೇ ಸರಣಿ ಓದುವವರಿದ್ದಾರೆ, ನಾನೂ ಅವರಲ್ಲೊಬ್ಬ. 2013ರ ಏಪ್ರಿಲ್ 1ಕ್ಕೆ ಅಲ್ಲಿನ ಎಂಟು ಪೊಲೀಸ್ ಪಡೆಗಳನ್ನು ಸೇರಿಸಿ ಒಂದೇ ಪೊಲೀಸ್ ಸ್ಕಾಟ್ಲೆಂಡ್ ಮಾಡಿದರು. ಆಮೇಲಿನ ಪುಸ್ತಕಗಳಲ್ಲಿ ಆ ಗೊಣಗಾಟವೂ ಸೇರಿಕೊಳ್ಳುತ್ತದೆ, ಅದನ್ನು ಸವಿಯಬೇಕಾದರೆ ಹಳೇ ವ್ಯವಸ್ಥೆ ಗೊತ್ತಿರಬೇಕು. ನನ್ನ ಹತ್ತಿರ ಎರಡನೆಯದ್ದು ಉಂಟು. ಶನಿವಾರ ಪೇಟೆಗೆ ಬರುವುದಿದ್ದರೆ ಮೆಸೇಜ್ ಹಾಕಿ, ತರುತ್ತೇನೆ. ರಟ್ಟು ಹೋಗಿದೆ, ಪುಟಗಳೆಲ್ಲ ಇವೆ.