ಪಂಚಾಯತಿಗೆ ಬರುವ ಬಡ್ಡಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನಿಂದ ಒಂದು ಸಣ್ಣ ಪ್ರಶ್ನೆ.

ನಮ್ಮ ಕಡೆಯ ಒಂದು ಗ್ರಾಮ ಪಂಚಾಯತಿನಲ್ಲಿ ವರ್ಷದ ಲೆಕ್ಕವನ್ನು ಕನ್ನಡದಲ್ಲಿ ಬರೆದು ಅಂಟಿಸಿದ್ದರು. ತಲೆಬರಹ 'ವಾರ್ಷಿಕ ಧನಕಾರ್ಯ ಪತ್ರಿಕೆ'. ಮಲಯಾಳದ ಪದ ಹಾಗೇ ಇಳಿದು ಬಂದದ್ದು. ಹಣಕಾಸು ಅಂದರೆ ಸಾಕಿತ್ತು, ಇದು ಯಾವುದೋ ಪೂಜೆಯ ಹೆಸರಿನ ಹಾಗೆ ಕೇಳುತ್ತದೆ. ಅದಿರಲಿ. ಕೆಳಗೆ ಒಂದು ಸಾಲಿನಲ್ಲಿ 'ಪಲಿಶೆ ವರುಮಾನ' ಅಂತ ಇತ್ತು. ಯಾರೋ ಪೆನ್ನಿನಲ್ಲಿ 'ಪಲಿಶೆ' ಹೊಡೆದು ಹಾಕಿ ಮೇಲೆ 'ಬಡ್ಡಿ' ಎಂದು ಬರೆದಿದ್ದರು. ಪಕ್ಕದಲ್ಲಿ ನಿಂತಿದ್ದ ಅಜ್ಜ ಅದನ್ನು ಓದಿ, "ಓಹೋ, ಪಂಚಾಯತಿನವರೂ ಬಡ್ಡಿಗೆ ಪೈಸೆ ಕೊಡ್ಲಿಕ್ಕೆ ಶುರು ಮಾಡಿದ್ರಾ?" ಎಂದರು.

ನಗು ಬಂತು. ಆದರೆ ತಪ್ಪು ಅಜ್ಜನದ್ದಲ್ಲ. ಬಡ್ಡಿ ಅಂದ ಕೂಡಲೇ ನಮಗೆ ನೆನಪಾಗುವುದು ಸಾಲ ಕೊಟ್ಟವನೇ ಅಲ್ವಾ? ಪಂಚಾಯತಿಗೆ ಬಂದದ್ದು ಬೇಂಕಿನಲ್ಲಿಟ್ಟ ದುಡ್ಡಿನ ಬಡ್ಡಿ. ತೆರಿಗೆ ಕಟ್ಟಲು ತಡ ಮಾಡಿದವರಿಂದ ವಸೂಲಾಗುವುದು ಬೇರೆ. ಮಲಯಾಳದಲ್ಲಿ ಅದಕ್ಕೆ 'ಪಿಳಪ್ಪಲಿಶ' ಎಂಬ ಬೇರೆ ಪದವೇ ಇದೆ. ನಾವು ಎರಡಕ್ಕೂ ಸುಮ್ನೆ ಬಡ್ಡಿ ಅನ್ನುತ್ತೇವೆ.

ರಾಜ್ಯ ಸರ್ಕಾರದ ಮಟ್ಟಿಗೆ ಅಜ್ಜ ಹೇಳಿದ್ದು ಸುಳ್ಳೂ ಅಲ್ಲ. ಸರ್ಕಾರ ನಿಗಮಗಳಿಗೆ, ಸಹಕಾರಿ ಸಂಘಗಳಿಗೆ ಸಾಲ ಕೊಡುತ್ತದೆ, ಬಡ್ಡಿ ಪಡೆಯುತ್ತದೆ. ರಿಸರ್ವ್ ಬೇಂಕಿನಲ್ಲಿರುವ ರಾಜ್ಯದ ಖಾತೆಯಲ್ಲಿ ದುಡ್ಡು ಜಾಸ್ತಿ ಉಳಿದರೆ ಅದು ತನ್ನಷ್ಟಕ್ಕೆ 14 ದಿನದ ಟ್ರೆಶರಿ ಬಿಲ್ಲಿಗೆ (ಕೇಂದ್ರ ಸರ್ಕಾರದ ಅಲ್ಪಾವಧಿ ಸಾಲಪತ್ರಕ್ಕೆ) ಹೋಗುತ್ತದೆ, ಅದಕ್ಕೂ ಬಡ್ಡಿ ಇದೆ. ಲೆಕ್ಕಪತ್ರದಲ್ಲಿ ಬಂದ ಬಡ್ಡಿಯ ಶೀರ್ಷಿಕೆ 0049, ಕೊಟ್ಟ ಬಡ್ಡಿಯದ್ದು 2049. ಪದಕ್ಕಿಂತ ನಂಬರೇ ಸ್ಪಷ್ಟ ನೋಡಿ!

ಇನ್ನು 'ಪಲಿಶೆ'. ಇದನ್ನು ಹೊರಗಿನದ್ದು ಅಂತ ಹೊಡೆದು ಹಾಕುವ ಮೊದಲು ಒಂದು ಮಾತು. ಮಲಯಾಳದಲ್ಲಿ ಇದರ ಇನ್ನೊಂದು ರೂಪ 'ಪೊಲಿಶ'. ತಮಿಳಿನ ಹಳೆಯ ಶಾಸನಗಳಲ್ಲಿ ಬಡ್ಡಿಗೆ 'ಪೊಲಿಶೈ'. ತುಳುವಿನಲ್ಲಿ 'ಪೊಲಿ' ಅಂದರೆ ಹೆಚ್ಚಳ, ಸಮೃದ್ಧಿ. ದವಸದಲ್ಲಿ ಕೊಡುವ ಬಡ್ಡಿಗೂ ಪೊಲಿಯೇ. "ಪೊಲಿ ಪೊಲಿ" ಎಂದು ಕೂಗುವುದನ್ನು ಕೇಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಕನ್ನಡದ 'ಹುಲುಸು' ಇದೇ ಬುಡದ್ದು. ಆ ಕಡೆ 'ಬಡ್ಡಿ' ಬಂದದ್ದು ಸಂಸ್ಕೃತದ 'ವೃದ್ಧಿ'ಯಿಂದ, ಪ್ರಾಕೃತದ 'ವಡ್ಢಿ'ಯನ್ನು ದಾಟಿ. ತಮಿಳರ ವಟ್ಟಿ, ತೆಲುಗರ ವಡ್ಡಿಯೂ ಅದೇ. ಅಂದರೆ ಪೆನ್ನು ಹಿಡಿದವರು ಹುಲುಸನ್ನು ಹೊಡೆದು ವೃದ್ಧಿಯನ್ನು ಬರೆದಿದ್ದಾರೆ! ಹಾಗಂತ ಪಲಿಶೆ ಇರಲಿ ಅನ್ನುವವನು ನಾನಲ್ಲ. ಕನ್ನಡದ ಓದುಗರಿಗೆ ಬಡ್ಡಿಯೇ ಸರಿ.

ನನಗೆ ಜಾಸ್ತಿ ತೊಡಕಾಗಿರುವುದು ಅದರ ಜತೆಗಿನ ಪದ. 'ಬಡ್ಡಿ ಆದಾಯ' ಅನ್ನಬಹುದೇ? ಕೇಂದ್ರದ ಅನುದಾನ ಖಾತೆಯಲ್ಲಿ ಕೂತು ಬಡ್ಡಿ ಹುಟ್ಟಿದರೆ ಅದನ್ನು ಸಾಮಾನ್ಯವಾಗಿ ಕೇಂದ್ರಕ್ಕೇ ವಾಪಸು ಕಟ್ಟಬೇಕು. ಕೈಗೆ ಬಂತು, ಆದರೆ ನಮ್ಮದಲ್ಲ. ಅದನ್ನು ಆದಾಯ ಅಂದರೆ ಓದಿದವರು ಖರ್ಚಿಗೆ ದಾರಿ ಕೇಳುತ್ತಾರೆ. ಇದಕ್ಕೆ ತಿರುಗು ಮುರುಗು ಇನ್ನೊಂದಿದೆ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ (2026ರ ಮಾರ್ಚ್‌ವರೆಗೆ) ಅದರ ಅನುದಾನವನ್ನು ರಾಜ್ಯವು 10 ಕೆಲಸದ ದಿನಗಳೊಳಗೆ ಸ್ಥಳೀಯ ಸಂಸ್ಥೆಗಳಿಗೆ ದಾಟಿಸಬೇಕಿತ್ತು. ತಡವಾದರೆ ರಾಜ್ಯವೇ ಬಡ್ಡಿ ಸೇರಿಸಿ ಕೊಡಬೇಕಿತ್ತು. ಇದು ಪಂಚಾಯತಿಗೆ ದುಡ್ಡು ಇಟ್ಟದ್ದಕ್ಕೆ ಸಿಕ್ಕಿದ್ದಲ್ಲ, ಕಾದದ್ದಕ್ಕೆ ಸಿಕ್ಕಿದ್ದು.

ಕರ್ನಾಟಕದ ಬಜೆಟ್ಟಿನಲ್ಲಿ 'ರಾಜಸ್ವ ಜಮೆ' ಎನ್ನುತ್ತಾರಲ್ಲ, ಆ ಜಾಡಿನಲ್ಲಿ 'ಬಡ್ಡಿ ಜಮೆ' ಆಗಬಹುದು. ಬಂತು ಅಂತ ಮಾತ್ರ ಹೇಳುತ್ತದೆ, ಯಾರದ್ದು ಅಂತ ಹೇಳುವುದಿಲ್ಲ. ಆದರೆ ನಮ್ಮಲ್ಲಿ ಜಮೆ ಅಂದರೆ ಬೇಂಕಿಗೆ ಕಟ್ಟುವುದು. ಅಜ್ಜ ಮತ್ತೆ ಕೇಳಿಯಾರು, "ಎಲ್ಲಿಗೆ ಕಟ್ಟಿದ್ದು?"

ನನ್ನ ಒಲವು 'ಬಂದ ಬಡ್ಡಿ', 'ಕೊಟ್ಟ ಬಡ್ಡಿ' ಎಂಬ ಜೋಡಿಯ ಕಡೆಗೆ. ಠೇವಣಿಯಿಂದ ಬಂದ ಬಡ್ಡಿ, ತಡ ತೆರಿಗೆಯಿಂದ ಬಂದ ಬಡ್ಡಿ ಎಂದು ಒಡೆದೂ ಬರೆಯಬಹುದು. ಕಚೇರಿಯವರಿಗೆ ಇದು ತೀರ ಆಡುಮಾತು ಅನಿಸೀತೋ ಏನೋ.

1956ಕ್ಕೆ ಮೊದಲು, ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ, ಇಲ್ಲಿನ ಸೊಸೈಟಿಗಳ ಲೆಕ್ಕ ಕನ್ನಡದಲ್ಲಿ ಬರೆದದ್ದು ಯಾರ ಮನೆಯಲ್ಲಾದರೂ ಇದೆಯೇ? ಬಂದ ಬಡ್ಡಿಯ ಸಾಲಿಗೆ ಅವರು ಏನೆಂದು ಬರೆಯುತ್ತಿದ್ದರು? ಒಂದು ಪುಟ ಸಿಕ್ಕಿದರೂ ಸಾಕು, ತಿಳಿಸಿ.