ಸಹಾಯ ಬೇಕು: ಜಾವಾ ಬಿಟ್ಟು ರಸ್ಟ್ ಹಿಡಿದವನಿಗೆ ಮಾಲೀಕತ್ವದ ನಿಯಮ ರೂಢಿಯಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿದ್ದು 14 ವರ್ಷಗಳಿಂದ ಜಾವಾದಲ್ಲಿ ಕೋಡ್ ಬರೆಯುತ್ತಿರುವ ನಾನು, ಈಗ ಇಲ್ಲಿನ ಮೆಕ್ಕೆಜೋಳದ ವರ್ತಕರೊಬ್ಬರಿಗಾಗಿ ತೂಕ ಮತ್ತು ಬಿಲ್ಲಿನ ತಂತ್ರಾಂಶವನ್ನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಡಿದ್ದು ಸೆಮಿಕೋಲನ್. ಫಂಕ್ಷನ್ನಿನ ಕೊನೆಯ ಸಾಲಿನಲ್ಲಿ ತೂಕವನ್ನು ದರದಿಂದ ಗುಣಿಸಿ, ಅಭ್ಯಾಸಬಲದಿಂದ ಸೆಮಿಕೋಲನ್ ಹಾಕಿದರೆ ಮೊತ್ತದ ಬದಲು ಯೂನಿಟ್ ಎಂಬ ಬರಿದಾದ ಮೌಲ್ಯ ಮರಳುತ್ತದೆಂದು ಕಂಪೈಲರ್ ತಡೆಯುತ್ತಿತ್ತು. ಅದು ಎರಡೇ ದಿನಕ್ಕೆ ಕೈಗೆ ಹತ್ತಿತು.

ನಿಜವಾದ ತೊಡಕು ಮಾಲೀಕತ್ವದ್ದು, ಅಂದರೆ ಪ್ರತಿ ಮೌಲ್ಯಕ್ಕೂ ಒಂದು ಹೊತ್ತಿಗೆ ಒಬ್ಬನೇ ಒಡೆಯ ಎಂಬ ರಸ್ಟ್‌ನ ನಿಯಮದ್ದು. ರೈತರ ಹೆಸರಿರುವ ಸ್ಟ್ರಿಂಗನ್ನು ರಸೀದಿ ಮುದ್ರಿಸುವ ಫಂಕ್ಷನ್ನಿಗೆ ಕೊಟ್ಟು, ಮರುಸಾಲಿನಲ್ಲೇ ಅದನ್ನು ಖಾತೆಯಲ್ಲಿ ಬರೆಯಹೊರಟರೆ, ಆ ಮೌಲ್ಯ ಈಗಾಗಲೇ ಕೈದಾಟಿದೆ ಎಂಬ ಇ0382 ದೋಷ ಎದುರಾಗುತ್ತದೆ. ಜಾವಾದಲ್ಲಿ ಒಂದೇ ವಸ್ತುವನ್ನು ಹತ್ತು ಚರಗಳು ತೋರಿಸುತ್ತಿದ್ದರೂ, ಬೇಡವಾದ ಮೆಮೊರಿಯನ್ನು ತಾನೇ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ನೋಡಿಕೊಳ್ಳುತ್ತಿದ್ದುದರಿಂದ, ಯಾವುದು ಯಾರದ್ದೆಂದು ನಾನು ಯೋಚಿಸಿದವನೇ ಅಲ್ಲ. ಈಗ ದೋಷ ಬಂದಲ್ಲೆಲ್ಲ ಕ್ಲೋನ್, ಅಂದರೆ ಮೌಲ್ಯದ ನಕಲು, ಸೇರಿಸುತ್ತಿದ್ದೇನೆ. ಕೋಡ್ ಓಡುತ್ತದೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಅದನ್ನು ತಪ್ಪಿಸಲು ಸ್ಟ್ರಕ್ಟ್ (ಹಲವು ಮಾಹಿತಿಗಳನ್ನು ಒಟ್ಟಿಗಿಡುವ ರಚನೆ) ಒಳಗೆ ರೆಫರೆನ್ಸ್, ಅಂದರೆ ಒಡೆತನವಿಲ್ಲದ ಎರವಲು, ಇಟ್ಟರೆ ಆ ಎರವಲು ಎಲ್ಲಿಯವರೆಗೆ ಸಲ್ಲುತ್ತದೆಂದು ಹೇಳುವ ಲೈಫ್‌ಟೈಮ್ ಗುರುತುಗಳು ಕಡತದುದ್ದಕ್ಕೂ ಹಬ್ಬುತ್ತವೆ.

ಫಂಕ್ಷನ್ನುಗಳಿಗೆ ರೆಫರೆನ್ಸ್ ಕೊಟ್ಟು, ಸ್ಟ್ರಕ್ಟ್‌ನಲ್ಲಿ ಮಾತ್ರ ಸ್ವಂತ ಸ್ಟ್ರಿಂಗನ್ನೇ ಇಟ್ಟುಕೊಳ್ಳುವುದು ಸರಿಯಾದ ಕ್ರಮವೇ? ಬಿಲ್ ಮತ್ತು ಖಾತೆ ಎರಡಕ್ಕೂ ಒಂದೇ ರೈತರ ವಿವರ ಬೇಕಿರುವಾಗ, ಒಂದೇ ಮೌಲ್ಯಕ್ಕೆ ಹಲವು ಒಡೆಯರಿರಲು ಬಿಡುವ ರಸ್ಟ್‌ನ ಆರ್‌ಸಿ (Rc) ಬಳಸಬೇಕೋ, ಇಲ್ಲವೇ ಬರೀ ಸಂಖ್ಯೆಯೊಂದನ್ನು ಇಟ್ಟು ಪಟ್ಟಿಯಿಂದ ಹುಡುಕಬೇಕೋ? ಜಾವಾದಿಂದಲೇ ಬಂದವರು ತಮ್ಮ ಅನುಭವದಿಂದ ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ ಯಾರಾದರೂ ಇದ್ದರೆ, ಭಾನುವಾರ ನಾನೇ ಲ್ಯಾಪ್‌ಟಾಪ್ ಹಿಡಿದು ಬರುತ್ತೇನೆ.